ಲಿನಕ್ಸಿಗೆ ಕಾಣದ ನನ್ನ ಗೆರೆ

ಒಂದು ವಿದ್ಯೆ ಕೈಗೆ ಹತ್ತಿತೆಂದರೆ ಅದರಿಂದ ಹೊಟ್ಟೆ ತುಂಬುವುದೋ ಬಿಡುವುದೋ ಆಮೇಲಿನ ಮಾತು, ಸೊಕ್ಕಂತೂ ಮೊದಲ ವಾರದಲ್ಲೇ ತುಂಬಿಕೊಳ್ಳುತ್ತದೆ. ನನ್ನ ಸೊಕ್ಕು ಅಕ್ಷರದ್ದು. ಬಬಲೇಶ್ವರದ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆಯ ಮಾಸ್ತರನಾಗುವ ಮೊದಲು ನಾನು ವಿಜಯಪುರದಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದೆ. ನಾನು ಬರೆದ ಬೋರ್ಡುಗಳು ಜೋರಾಪುರ ಪೇಟೆಯಲ್ಲಿ, ನಮ್ಮ ಮನೆಯ ಆಸುಪಾಸಿನಲ್ಲೇ, ಇನ್ನೂ ಏಳೆಂಟು ಉಳಿದಿವೆ. ಕೆಲವಕ್ಕೆ ತುಕ್ಕು ಹಿಡಿದಿದೆ. ಒಂದು ಕಡೆ ಅಂಗಡಿಯೇ ಮುಚ್ಚಿಹೋಗಿ ಬೋರ್ಡು ಮಾತ್ರ ಉಳಿದಿದೆ. ಆದರೂ ಹಾದುಹೋಗುವಾಗ ನಾನು ಕತ್ತೆತ್ತಿ ಒಂದು ಸಲ ನೋಡದೆ ಮುಂದೆ ಹೋದವನಲ್ಲ. ಹೆಂಡತಿ ಸುವರ್ಣಾ ಜೊತೆಗಿದ್ದರೆ, ಮೇಲೆ ನೋಡುತ್ತ ನಡೆದು ಒಂದು ದಿನ ಗಟಾರಕ್ಕೆ ಬೀಳುತ್ತೀರಿ ಎಂದು ಎಚ್ಚರಿಸುತ್ತಾಳೆ. ಇಂಥ ನಾನು ಹೋದ ಬೇಸಗೆಯಲ್ಲಿ ಹದಿನೆಂಟು ದಿನ ಒಂದು ಗೆರೆ, ಬರೀ ಒಂದು ನೆಟ್ಟಗಿನ ಗೆರೆ ಎಳೆಯಲಾರದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದೆ. ಕಣ್ಣಾರೆ ಕಂಡ ಮೂವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ, ನಿಮಗೆ ಹೇಳುತ್ತಿದ್ದೇನೆ.

ನನ್ನ ತಂಗಿ ಮಹಾದೇವಿಯನ್ನು ತಿಕೋಟಾಕ್ಕೆ ಕೊಟ್ಟಿದೆ. ಅವರದು ದ್ರಾಕ್ಷಿ ತೋಟ. ಹಣ್ಣು ಕಿತ್ತು, ಶೆಡ್ಡಿನಲ್ಲಿ ಒಣಗಿಸಿ, ಒಣದ್ರಾಕ್ಷಿ ಮಾಡಿ ಡಬ್ಬಿಗೆ ತುಂಬಿ ಕಳಿಸುತ್ತಾರೆ. ಡಬ್ಬಿಯ ಮೇಲೆ ಇಷ್ಟು ವರ್ಷ ಅವಳ ಮಾವನ ಹೆಸರಿತ್ತು, ಮಾವ ತೀರಿಕೊಂಡ ಮೇಲೆ ಗಂಡನ ಹೆಸರು ಬಂತು. ಈ ಸಲ ಅವಳು ತಾನೇ ಕುಳಿತು ಆರಿಸಿದ ಒಳ್ಳೆಯ ಮಾಲನ್ನು ಸಣ್ಣ ಸಣ್ಣ ಡಬ್ಬಿಗಳಲ್ಲಿ, ತನ್ನ ಹೆಸರಿನಲ್ಲೇ ಮಾರಬೇಕೆಂದು ಹೊರಟಿದ್ದಳು. ಗಂಡನೂ ಮಾಡು ಎಂದಿದ್ದ. ಅಷ್ಟು ಹೇಳಲು ಒಂದು ಭಾನುವಾರ ನಮ್ಮ ಮನೆಗೆ ಬಂದಳು. ಬಂದವಳು ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ನನ್ನ ಮುಖ ನೋಡಿ ಹೇಳಿದಳು: "ಅಣ್ಣಾ, ಊರ ಮಂದಿ ಹೆಸರೆಲ್ಲಾ ಬರದಿ. ನನ್ನ ಹೆಸರು ಒಂದಸಲನೂ ಬರದಿಲ್ಲ. ಈ ಡಬ್ಬಿ ಮ್ಯಾಲ ನೀನ ಬರೀಬೇಕು."

ಮಾತು ಖರೆ. ಕಿರಾಣಿ ಅಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರ ತನಕ ಹೆಸರು ಬರೆದ ಈ ಕೈ ಒಡಹುಟ್ಟಿದ ತಂಗಿಯ ಹೆಸರನ್ನು ಎಲ್ಲಿಯೂ ಬರೆದಿರಲಿಲ್ಲ. ಅವಳ ಲಗ್ನಕ್ಕೆ ಕೊಟ್ಟ ಟ್ರಂಕಿನ ಮೇಲೆ ಕೂಡ ನಾನು ಬಣ್ಣದಲ್ಲಿ ಬರೆದದ್ದು ಬೀಗರ ಅಡ್ಡಹೆಸರು. ಬರೆಯುತ್ತೇನೆ ಎಂದೆ. ಇನ್ನು ಮೂರು ವಾರದಲ್ಲಿ ಡಬ್ಬಿ ಮುದ್ರಣಕ್ಕೆ ಹೋಗಬೇಕು ಎಂದಳು. ಮೂರು ವಾರ ಯಾಕೆ, ಮೂರು ತಾಸು ಸಾಕು ಎಂದೆ. ಸೊಕ್ಕು ಎಂದು ಮೊದಲೇ ಹೇಳಿದೆನಲ್ಲ.

ಮೂರು ತಾಸಿನಲ್ಲಿ ಬರೆದೂ ಬರೆದೆ. ದಪ್ಪ ಹಾಳೆಯ ಮೇಲೆ ಕುಂಚದಿಂದ ಹೆಸರು ಬರೆದು, ಪಕ್ಕದಲ್ಲೊಂದು ದ್ರಾಕ್ಷಿ ಗೊಂಚಲು ಇಟ್ಟು, ಎರಡು ದಿನ ಒಣಗಿಸಿ ಪ್ರೆಸ್ಸಿಗೆ ಒಯ್ದೆ. ಪ್ರೆಸ್ಸಿನವರು ಅದನ್ನು ಸ್ಕ್ಯಾನ್ ಮಾಡಿ ಡಬ್ಬಿಯ ಅಳತೆಗೆ ಇಳಿಸಿದರು. ಅಲ್ಲಿಗೆ ನನ್ನ ಅಕ್ಷರಗಳ ಕೊನೆಯ ಸಣ್ಣ ಎಳೆಗಳೆಲ್ಲ ಮಾಯವಾಗಿ ಅವು ಬಾಲ ಕತ್ತರಿಸಿದ ಹಲ್ಲಿಗಳಾದವು. ಕಂಪ್ಯೂಟರಿನಲ್ಲೇ ಬರೆದು ಫೈಲು ತಂದುಕೊಡಿ, ಆಗದಿದ್ದರೆ ನಮ್ಮ ಹತ್ತಿರ ರೆಡಿಮೇಡ್ ಅಕ್ಷರ ಇವೆ, ಕೂರಿಸುತ್ತೇವೆ ಎಂದರು. ಆ ರೆಡಿಮೇಡ್ ಅಕ್ಷರಗಳನ್ನು ನೀವೂ ನೋಡಿದ್ದೀರಿ. ಚೌಕಿನ ಬ್ಯಾನರುಗಳಲ್ಲಿ ಹುಟ್ಟುಹಬ್ಬದ ಶುಭಾಶಯವೂ ಅವುಗಳಲ್ಲೇ ಇರುತ್ತದೆ, ಭಾವಪೂರ್ಣ ಶ್ರದ್ಧಾಂಜಲಿಯೂ ಅವುಗಳಲ್ಲೇ ಇರುತ್ತದೆ. ನನ್ನ ಹೊಟ್ಟೆಯ ಮೇಲೆ ಹೊಡೆದು ಬೋರ್ಡಿನ ಕೆಲಸ ಬಿಡಿಸಿದ ಅಕ್ಷರಗಳು ಅವು. ನನ್ನ ತಂಗಿಯ ಹೆಸರನ್ನೂ ಅವಕ್ಕೆ ಒಪ್ಪಿಸುವುದೆಂದರೆ ಆಗದ ಮಾತು. ಮರುದಿನವೇ ಆನ್‌ಲೈನಿನಲ್ಲಿ ಡ್ರಾಯಿಂಗ್ ಟ್ಯಾಬ್ಲೆಟ್ ತರಿಸಲು ಹೇಳಿದೆ.

ಡ್ರಾಯಿಂಗ್ ಟ್ಯಾಬ್ಲೆಟ್ ಎಂದರೆ ಮಕ್ಕಳು ಊಟ ಮಾಡುವಾಗ ವಿಡಿಯೋ ನೋಡುವ ಟ್ಯಾಬ್ಲೆಟ್ ಅಲ್ಲ. ಪಾಟಿಯಂಥ ಒಂದು ಕಪ್ಪು ಹಲಗೆ, ಜೊತೆಗೊಂದು ಪೆನ್ನು. ಹಲಗೆಯ ಮೇಲೆ ಪೆನ್ನಿನಿಂದ ಬರೆದರೆ ಅದು ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತದೆ. ಮೂಡಬೇಕು. ಹಗುರವಾಗಿ ಒತ್ತಿದರೆ ಸಣ್ಣ ಗೆರೆ, ಜೋರಾಗಿ ಒತ್ತಿದರೆ ದಪ್ಪ ಗೆರೆ, ಥೇಟ್ ಕುಂಚದ ಹಾಗೆ. ಅದು ಬಂದ ಡಬ್ಬಿಯ ಮೇಲೆ ಹಾಗೆ ಬರೆದಿತ್ತು. ಅದರ ಕೆಳಗೆ ಇದು ಯಾವ ಯಾವ ಕಂಪ್ಯೂಟರಿಗೆ ಹೊಂದುತ್ತದೆ ಎಂಬ ಪಟ್ಟಿಯೂ ಇತ್ತು. ಆ ಪಟ್ಟಿಯಲ್ಲಿ ಲಿನಕ್ಸ್ ಎಂಬ ಹೆಸರು ಇರಲಿಲ್ಲ, ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸಿನ ಬದಲು ಇದ್ದದ್ದು ಅದೊಂದೇ.

ಇದರ ಹೊಣೆ ಕುಂಬಾರ ಸರ್ ಅವರದು. ಅವರು ನಮ್ಮ ಶಾಲೆಯ ವಿಜ್ಞಾನ ಮಾಸ್ತರರು, ಬಹಳ ಒಳ್ಳೆಯ ಮನುಷ್ಯ. ಅವರಿಗಿರುವುದು ಎರಡೇ ನಿಷ್ಠೆ, ಮಧ್ಯಾಹ್ನದ ರೊಟ್ಟಿ ಊಟ ಮತ್ತು ಲಿನಕ್ಸ್. ಎರಡು ವರ್ಷದ ಹಿಂದೆ ನನ್ನ ಹಳೆಯ ಲ್ಯಾಪ್‌ಟಾಪು ಬಸವನಹುಳುವಿನಂತೆ ತೆವಳತೊಡಗಿದಾಗ ಅವರೇ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಕುಳಿತು ಅದರೊಳಗಿದ್ದದ್ದನ್ನೆಲ್ಲ ಅಳಿಸಿ ಲಿನಕ್ಸ್ ಹಾಕಿಕೊಟ್ಟಿದ್ದರು. ವೈರಸ್ ಇಲ್ಲ, ಲೈಸನ್ಸಿನ ಕಾಟ ಇಲ್ಲ, ಜಗತ್ತಿನ ಜಾಣರೆಲ್ಲ ಸೇರಿ ಪುಕ್ಕಟೆ ಮಾಡಿಕೊಟ್ಟದ್ದು ಎಂದು ವಿಜಯಪುರಕ್ಕೆ ಮರಳುವ ಬಸ್ಸಿನಲ್ಲಿ ನಡುದಾರಿಯ ಸಾರವಾಡ ಬರುವ ತನಕ ಅದರ ಗುಣಗಾನ ಮಾಡಿದ್ದರು. ನಾನೂ ಎರಡು ವರ್ಷ ಪ್ರಶ್ನೆಪತ್ರಿಕೆ ಟೈಪು ಮಾಡಿಕೊಂಡು ಸುಖವಾಗಿಯೇ ಇದ್ದೆ. ಟ್ಯಾಬ್ಲೆಟ್ ವಿಷಯ ಹೇಳಿದಾಗ ಅವರು ಕಣ್ಣರಳಿಸಿ, ಆಗೇ ಆಗುತ್ತದೆ ಸರ್, ಲಿನಕ್ಸಿನಲ್ಲಿ ಆಗದ್ದು ಯಾವುದೂ ಇಲ್ಲ, ಹುಡುಕಬೇಕು ಅಷ್ಟೇ ಎಂದರು. ಆ 'ಹುಡುಕಬೇಕು ಅಷ್ಟೇ' ಎಂಬ ಮಾತಿನ ಆಳ ನನಗೆ ಆಗ ತಿಳಿಯಲಿಲ್ಲ.

ಮೊದಲ ದಿನ ಟ್ಯಾಬ್ಲೆಟ್ ಸಿಗಿಸಿದಾಗ ಪೆನ್ನು ಆಡಿಸಿದಂತೆ ಪರದೆಯ ಮೇಲಿನ ಬಾಣ ಆಡಿತು. ನನಗೆ ಆನಂದವೋ ಆನಂದ. ದ್ರಾಕ್ಷಿಯ ಕಾಳು ಬರೆಯೋಣವೆಂದು ಪೆನ್ನನ್ನು ದುಂಡಗೆ ತಿರುಗಿಸಿದರೆ ಬಾಣ ಅಡ್ಡಡ್ಡ ಓಡಿ ಉದ್ದನೆಯ ತೊಂಡೆಕಾಯಿಯ ಆಕಾರ ಸುತ್ತಿತು. ಎರಡನೆಯ ಸಲವೂ ತೊಂಡೆಕಾಯಿ. ನನ್ನ ಲ್ಯಾಪ್‌ಟಾಪಿನ ಪರದೆಯ ಅರ್ಧ ಭಾಗದಲ್ಲಿ ಪಟ್ಟೆ ಬಿದ್ದದ್ದರಿಂದ ಪಕ್ಕದಲ್ಲಿ ಹಳೆಯದೊಂದು ಮಾನಿಟರ್ ಇಟ್ಟುಕೊಂಡಿದ್ದೇನೆ. ಲಿನಕ್ಸು ಆ ಎರಡೂ ಪರದೆಗಳನ್ನು ಒಂದೇ ಹೊಲವೆಂದು ತಿಳಿದು ನನ್ನ ಗೇಣುದ್ದದ ಹಲಗೆಯನ್ನು ಅಷ್ಟಗಲಕ್ಕೂ ಜಗ್ಗಿ ಹಾಸಿತ್ತು. ಆ ಸಂಜೆ ಫೋನು ಮಾಡಿದ ಮಹಾದೇವಿಗೆ ಇಷ್ಟು ಹೇಳಿದೆ. ಉದ್ದ ಕಾಳಿನ ದ್ರಾಕ್ಷಿ ಬೇರೆ ತಳಿಯದು ಅಣ್ಣಾ, ನಮ್ಮದು ದುಂಡನೆಯದು, ಸುಳ್ಳು ಬರೆದರೆ ಗಿರಾಕಿ ಬೈತಾರ ಎಂದಳು. ಅವಳು ನಕ್ಕಳು, ನಾನು ಫೋನಿಟ್ಟು ಮತ್ತೆ ಪೆನ್ನು ಹಿಡಿದೆ. ಹಲಗೆಯ ಬದಿಗಿದ್ದ ಗುಂಡಿಗಳದು ಇನ್ನೊಂದು ಕಥೆ. ತಪ್ಪಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಗುಂಡಿ ಒತ್ತಿದರೆ ಬರೆಯುವ ಪುಟವೇ ಮುಚ್ಚಿಕೊಳ್ಳುತ್ತಿತ್ತು. ಉಳಿಸಲೋ ಬೇಡವೋ ಎಂದು ಕೇಳುವ ಸೌಜನ್ಯವೂ ಅದಕ್ಕಿರಲಿಲ್ಲ.

ಕುಂಬಾರ ಸರ್ ಕಪ್ಪು ಪರದೆ ತೆರೆದು ಅದೇನೇನೋ ಆಜ್ಞೆ ಟೈಪು ಮಾಡಿ ನಾಲ್ಕು ದಿನದಲ್ಲಿ ತೊಂಡೆಕಾಯಿಯನ್ನು ದುಂಡಗೆ ಮಾಡಿದರು, ಗುಂಡಿಗಳಿಗೂ ಬುದ್ಧಿ ಕಲಿಸಿದರು. ಉಳಿದದ್ದು ಒಂದೇ, ಗೆರೆ. ಪೆನ್ನು ಆಡಿಸಿದರೆ ಬಾಣ ಆಡುತ್ತಿತ್ತು, ಆದರೆ ಅದರ ಹಿಂದೆ ಗೆರೆ ಮೂಡುತ್ತಿರಲಿಲ್ಲ. ಹತ್ತು ಸಲ ಎಳೆದರೆ ಒಂದು ಸಲ ಅಲ್ಲೊಂದು ಇಲ್ಲೊಂದು ಚುಕ್ಕೆ ಬಿದ್ದು ಇರುವೆ ಸಾಲು ಅರ್ಧಕ್ಕೆ ಚೆದುರಿದಂತೆ ಕಾಣುತ್ತಿತ್ತು. ಮ ಬರೆದರೆ ಎರಡು ಚುಕ್ಕೆ. ಹಾ ಬರೆದರೆ ಏನೂ ಇಲ್ಲ.

ಇದು ಪ್ರೆಷರಿನ ತೊಂದರೆ ಎಂದರು ಕುಂಬಾರ ಸರ್. ನೀವು ಎಷ್ಟು ಒತ್ತುತ್ತೀರಿ ಎಂಬುದು ಲಿನಕ್ಸಿಗೆ ಮುಟ್ಟುತ್ತಿಲ್ಲ ಎಂದು ವಿವರಿಸಿದರು. ಅಲ್ಲಿಂದ ನಮ್ಮಿಬ್ಬರ ವನವಾಸ ಶುರುವಾಯಿತು. ದಿನಾ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರು ಕೀಲಿಮಣೆ ಹಿಡಿಯುವುದು, ನಾನು ಪೆನ್ನು ಹಿಡಿಯುವುದು. ಅವರು ಕಪ್ಪು ಪರದೆಯಲ್ಲಿ ಒತ್ತಡದ ಅಂಕಿ ತೋರಿಸುವ ಆಜ್ಞೆ ಕೊಟ್ಟು, "ಹಾಂ, ಈಗ ಒತ್ರಿ ಸರ್" ಎನ್ನುತ್ತಿದ್ದರು. ನಾನು ಒತ್ತುತ್ತಿದ್ದೆ. ಅಂಕಿ ಸೊನ್ನೆಯಿಂದ ಅಲ್ಲಾಡುತ್ತಿರಲಿಲ್ಲ. "ಸ್ವಲ್ಪ ಜೋರ್ ಒತ್ರಿ." ನಾನು ಜೋರಾಗಿ ಒತ್ತುತ್ತಿದ್ದೆ. ಸೊನ್ನೆ. ಅವರು ನಿಟ್ಟುಸಿರು ಬಿಟ್ಟು ಕನ್ನಡಕ ಒರೆಸಿಕೊಂಡು, ಹಂಗಾದರೆ ಕರ್ನೆಲ್ಲೇ ಬದಲಿಸಬೇಕು ಎನ್ನುತ್ತಿದ್ದರು. ಕರ್ನೆಲ್ ಎಂದರೆ ಲಿನಕ್ಸಿನ ಹೊಟ್ಟೆಯೊಳಗಿನ ಗುಂಡಿಗೆಯಂತೆ. ಅದನ್ನು ಬದಲಿಸಿದರು. ಗೆರೆ ಬರಲಿಲ್ಲ, ಲ್ಯಾಪ್‌ಟಾಪಿನ ದನಿ ಹೋಯಿತು. ದನಿ ತರಿಸಲು ಇನ್ನೊಂದು ಕರ್ನೆಲ್ ಹಾಕಿದರು. ದನಿ ಬಂತು, ವೈಫೈ ಹೋಯಿತು. ಒಂದು ಗೆರೆ ಬೇಡಿದ್ದಕ್ಕೆ ಇದ್ದಬದ್ದ ಸಂಸಾರವೆಲ್ಲ ಒಂದೊಂದಾಗಿ ಮನೆ ಬಿಟ್ಟು ಹೋಗುತ್ತಿರುವುದನ್ನು ನೋಡುತ್ತ ನಾನು ಪೆನ್ನು ಹಿಡಿದುಕೊಂಡು ಕುಳಿತಿದ್ದೆ.

ಎರಡನೆಯ ವಾರ ಲಿನಕ್ಸಿನ ಜಾತಿಯನ್ನೇ ಬದಲಿಸಿದೆವು. ಇದರಲ್ಲಿಯೂ ನಮ್ಮ ಕಡೆಯ ಜೋಳದಂತೆ ಹತ್ತಾರು ತಳಿಗಳಿವೆ ಎಂಬುದು ಆಗಲೇ ನನಗೆ ತಿಳಿದದ್ದು. ಮೂರು ತಳಿ ಹಾಕಿ ನೋಡಿದೆವು, ಮೂರರಲ್ಲೂ ಸೊನ್ನೆ. ಜಗತ್ತಿನ ಜಾಣರೆಲ್ಲ ಸೇರುವ ಜಾಲತಾಣವೊಂದರಲ್ಲಿ ಕುಂಬಾರ ಸರ್ ನನ್ನ ಕಷ್ಟವನ್ನು ಇಂಗ್ಲಿಷಿನಲ್ಲಿ ಬರೆದು ಹಾಕಿದರು. ಯಾವುದೋ ದೇಶದ ಒಬ್ಬ ಪುಣ್ಯಾತ್ಮ, ಇದೇ ಟ್ಯಾಬ್ಲೆಟ್ಟು ನನ್ನಲ್ಲಿ ಸರಿಯಾಗಿ ನಡೆಯುತ್ತಿದೆ ಎಂದು ಉತ್ತರಿಸಿದ. ಮುಗಿಯಿತು, ಅಷ್ಟೇ ಉತ್ತರ. ನಮ್ಮ ಓಣಿಯಲ್ಲಿ ವಾರಗಟ್ಟಲೆ ನಳ ಬಾರದೆ ಖಾಲಿ ಕೊಡ ಹಿಡಿದು ನಿಂತಾಗ ಪಕ್ಕದ ಓಣಿಯವರು, ನಮ್ಮಲ್ಲಿ ಬೆಳಿಗ್ಗೇನೇ ಬಂತಲ್ರಿ ಎನ್ನುತ್ತಾರೆ. ಆ ಹೊತ್ತಿಗೆ ಜೀವ ಹೇಗೆ ಉರಿಯುತ್ತದೋ ಹಾಗೆ ಉರಿಯಿತು.

ಸುವರ್ಣಾ ಒಂದು ದಿನ ಅಡುಗೆಮನೆಯಿಂದ ಬಂದು, ಪೆನ್ನು ನನ್ನ ಕೈಗೆ ಕೊಡಿ, ನಾನೊಂದು ಸಲ ನೋಡುತ್ತೇನೆ ಎಂದಳು. ಕೊಡಲಿಲ್ಲ. ಕುಂಬಾರ ಸರ್ ಕೂಡ ಒಂದೆರಡು ಸಲ ಕೈ ಚಾಚಿದ್ದರು, ಅವರಿಗೂ ಕೊಟ್ಟಿರಲಿಲ್ಲ. ಇದು ಜಿಪುಣತನವಲ್ಲ, ಕಲಿತ ಪದ್ಧತಿ. ನನಗೆ ಬೋರ್ಡು ಬರೆಯುವುದನ್ನು ಕಲಿಸಿದ ಉಸ್ತಾದರು ತಮ್ಮ ಕುಂಚವನ್ನು ಹೆತ್ತ ಮಗನಿಗೂ ಮುಟ್ಟಗೊಡುತ್ತಿರಲಿಲ್ಲ. ಕುಂಚದ ಕೂದಲು ಒಬ್ಬನ ಕೈಗೆ ಪಳಗಿರುತ್ತದೆ, ಎರಡನೆಯವನು ಹಿಡಿದರೆ ಅದರ ಚಾಲು ಕೆಡುತ್ತದೆ ಎನ್ನುತ್ತಿದ್ದರು. ಅವರಿಗೆ ಅದಕ್ಕಿಂತ ದೊಡ್ಡ ಶಾಸ್ತ್ರ ಇನ್ನೊಂದಿತ್ತು, ಹಗುರ ಕೈ. ತಗಡಿನ ಮೇಲೆ ಕುಂಚವನ್ನು ಒತ್ತಿದವನು ಪೇಂಟರನಲ್ಲ, ಸುಣ್ಣ ಬಳಿಯುವವನು. ನನಗೆ ಮೊದಲ ಆರು ತಿಂಗಳು ಬಣ್ಣ ಮುಟ್ಟಿಸಲಿಲ್ಲ. ಹಾಳೆಯ ಕೆಳಗೆ ಕರಿಯದ ಒಂದು ಹಸಿ ಹಪ್ಪಳ ಇಟ್ಟು, ಅದರ ಮೇಲೆ ಸೀಸದಕಡ್ಡಿಯಿಂದ ಅಕ್ಷರ ಬರೆಸುತ್ತಿದ್ದರು. ಹಪ್ಪಳ ಮುರಿದರೆ ಆ ದಿನ ಚಹಾ ಇಲ್ಲ. ಮೊದಲ ತಿಂಗಳು ನಾನು ಚಹಾದ ಮುಖ ನೋಡಲಿಲ್ಲ. ಆರನೆಯ ತಿಂಗಳಿನ ಹೊತ್ತಿಗೆ ಒಂದೇ ಹಪ್ಪಳದ ಮೇಲೆ ಇಡೀ ವಾರ ಬರೆದೆ. ಉಸ್ತಾದರು ಆ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಬೆನ್ನ ಮೇಲೆ ಒಂದು ಸಲ ಕೈಯಾಡಿಸಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಇವತ್ತಿನ ತನಕ ಯಾರೂ ಕೊಟ್ಟಿಲ್ಲ.

ಮಹಾದೇವಿಯ ಫೋನುಗಳು ಬರಬರುತ್ತ ಸಣ್ಣದಾದವು. ಮೊದಮೊದಲು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದಳು. ಆಮೇಲೆ ಉಂಡಿರೇನು ಎಂದು ಕೇಳಿ, ವೈನಿ ಹೇಗಿದ್ದಾಳೆ ಎಂದು ಸುವರ್ಣಾಳನ್ನು ವಿಚಾರಿಸಿ ಫೋನು ಇಟ್ಟುಬಿಡುತ್ತಿದ್ದಳು. ಮಾಲು ಒಣಗಿ, ಆರಿಸಿ, ಚೀಲದಲ್ಲಿ ಸಿದ್ಧವಾಗಿ ಕುಳಿತಿತ್ತು. ಬಾಕಿ ಇದ್ದದ್ದು ಡಬ್ಬಿ, ಡಬ್ಬಿಗೆ ಬಾಕಿ ಇದ್ದದ್ದು ನಾನು. ಹದಿನೇಳನೆಯ ದಿನ ಪ್ರೆಸ್ಸಿನವರು ಫೋನು ಮಾಡಿ, ಸೋಮವಾರ ಫೈಲು ಬಾರದಿದ್ದರೆ ರೆಡಿಮೇಡ್ ಅಕ್ಷರ ಕೂರಿಸಿ ಮುಗಿಸುತ್ತೇವೆ, ಮುಂದೆ ಬೇರೆ ಕೆಲಸ ಇದೆ ಎಂದರು. ಆ ದಿನ ನಾನು ಉಣ್ಣಲಿಲ್ಲ. ಲಿನಕ್ಸಿಗೆ, ಅದನ್ನು ಮಾಡಿದ ಜಾಣರಿಗೆ, ಕುಂಬಾರ ಸರ್ ಅವರಿಗೆ, ಚೌಕಿನ ಬ್ಯಾನರುಗಳಿಗೆ, ಎಲ್ಲರಿಗೂ ಮನಸ್ಸಿನಲ್ಲೇ ಮಂಗಳಾರತಿ ಎತ್ತಿದೆ. ನನಗೆ ಮಾತ್ರ ಎತ್ತಿಕೊಳ್ಳಲಿಲ್ಲ. ನನ್ನ ಕೈ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ.

ಹದಿನೆಂಟನೆಯ ದಿನ, ಭಾನುವಾರ ಮಧ್ಯಾಹ್ನ, ಮಹಾದೇವಿ ತಾನೇ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ನೀರು ಕುಡಿದು ಸೀದಾ ನನ್ನ ಮೇಜಿನ ಹತ್ತಿರ ಬಂದು, ಇದೇನಾ ಅದು ಎಂದು ಹಲಗೆಯನ್ನು ನೋಡಿದಳು. ನಾನು ಪ್ರೆಷರು, ಕರ್ನೆಲ್ಲು, ಸೊನ್ನೆ ಎಂದು ಹದಿನೆಂಟು ದಿನದ ದುಃಖವನ್ನೆಲ್ಲ ತೋಡಿಕೊಳ್ಳುತ್ತ, ನಡುವೆ ಬೆವರು ಒರೆಸಿಕೊಳ್ಳಲು ಪೆನ್ನನ್ನು ಕೆಳಗಿಟ್ಟೆ. ತಂಗಿಯರಿಗೆ ಅಣ್ಣನ ವಸ್ತು ತೆಗೆದುಕೊಳ್ಳಲು ಯಾವ ಉಸ್ತಾದರ ಅಪ್ಪಣೆಯೂ ಬೇಕಿಲ್ಲ. ಪೆನ್ನು ಎತ್ತಿಕೊಂಡಳು. ಬ್ಯಾಂಕಿನಲ್ಲಿ ಸಹಿ ಮಾಡುವವಳ ಹಾಗೆ ಮುಷ್ಟಿ ಬಿಗಿಹಿಡಿದು, ನಾಲಿಗೆಯ ತುದಿ ಕಚ್ಚಿ, ಹಲಗೆಯ ಮೇಲೆ ಬಲವಾಗಿ ಊರಿ ಬರೆದಳು. ಪರದೆಯ ಮೇಲೆ ಕಪ್ಪಗೆ, ದಪ್ಪಗೆ, ಒಂದು ಚುಕ್ಕೆಯೂ ಕಡಿಯದ ಹಾಗೆ 'ಮಹಾದೇವಿ' ಎಂದು ಮೂಡಿತು.

ನಾನು ಎದ್ದು ನಿಂತೆ. ಒಳಗಿನಿಂದ ಸುವರ್ಣಾಳೂ ಬಂದು ನಿಂತಳು. ನನ್ನ ತಲೆಯೊಳಗೆ ಒಂದು ಹಸಿ ಹಪ್ಪಳ ಚಟ್ಟೆಂದು ಮುರಿದಂತಾಯಿತು. ಲಿನಕ್ಸಿಗೆ ಪ್ರೆಷರ್ ಮೊದಲಿಂದಲೂ ಮುಟ್ಟುತ್ತಿತ್ತು. ನನ್ನ ಕೈಯಿಂದ ಅದು ಹೊರಡುತ್ತಲೇ ಇರಲಿಲ್ಲ. ಕುಂಬಾರ ಸರ್ ಒತ್ರಿ ಎಂದಾಗ ನಾನು ಒತ್ತಿದ್ದು ಉಸ್ತಾದರ ಲೆಕ್ಕದ ಒತ್ತುವಿಕೆ, ಹಪ್ಪಳಕ್ಕೆ ಗೊತ್ತಾಗಬಾರದ ಒತ್ತುವಿಕೆ.

ಕೊಡು ಇಲ್ಲಿ ಎಂದು ಪೆನ್ನು ಇಸಿದುಕೊಂಡು ಕುಳಿತೆ. ಗುಟ್ಟು ತಿಳಿಯಿತಲ್ಲ, ಇನ್ನೇನು ಎಂದು ಒತ್ತಿ ಬರೆದೆ. ಮೂವತ್ತು ವರ್ಷ ಒತ್ತದೆ ಬೆಳೆದ ಕೈ. ಒತ್ತಿದರೆ ತಿರುಗಲೊಲ್ಲದು, ತಿರುಗಿದರೆ ಒತ್ತಲೊಲ್ಲದು. ಮ ಕಲ್ಲಿನ ಹಾಗೆ ಬಂತು, ಹಾ ನಡುವೆ ನಡುಗಿತು, ದೇ ಏತ್ವದಲ್ಲೇ ಕುಸಿಯಿತು. ಅಳಿಸಿದೆ, ಬರೆದೆ, ಅಳಿಸಿದೆ. ಒಂದು ತಾಸಾಯಿತು. ಒಂದನೆಯ ಇಯತ್ತೆಯ ಹುಡುಗರ ಪಾಟಿ ಇದಕ್ಕಿಂತ ಚೆನ್ನಾಗಿರುತ್ತದೆ. ತಿಕೋಟಾದ ಬಸ್ಸಿನ ಹೊತ್ತಾಗುತ್ತ ಬಂತು. ಮಹಾದೇವಿ ನನ್ನ ಭುಜದ ಹಿಂದೆ ನಿಂತು ನೋಡುತ್ತಲೇ ಇದ್ದಳು.

"ಅಣ್ಣಾ, ನಂದ ಇರ್ಲಿ ಬಿಡು" ಎಂದಳು.

ನೀನು ನನ್ನ ಕೈಯಿಂದ ಬರೆಸಬೇಕು ಎಂದಿದ್ದೆಯಲ್ಲ ಎಂದೆ. ದನಿ ಸ್ವಲ್ಪ ಏರಿತ್ತು, ಅದು ಯಾರ ಮೇಲಿನ ಸಿಟ್ಟು ಎಂದು ನನಗೇ ತಿಳಿಯಲಿಲ್ಲ.

"ಅಂದಿದ್ದೆ. ನೀ ಬರದಿದ್ರ ಎಲ್ಲಾರೂ ನಿನ್ನ ಅಕ್ಷರ ಛಲೋ ಅದಾವ ಅಂತಿದ್ರು. ಇದನ್ನ ನೋಡಿದ ಮ್ಯಾಲ ಡಬ್ಬಿ ನಂದು ಅನಸಾಕತ್ತೈತಿ." ಆಮೇಲೆ ಬಗ್ಗಿ ನನ್ನ ಮುಖ ನೋಡಿ, "ನಿನಗ ಬ್ಯಾಸರ ಆತೇನು?" ಎಂದಳು.

ಇಲ್ಲ ಎಂದೆ. ಆಗಿತ್ತು. ಅವಳು ಬರೆದ ವಿಯ ಗುಡಿಸು ದೊಡ್ಡದಾಗಿತ್ತು, ಹಾ ಒಂದಿಷ್ಟು ಎಡಕ್ಕೆ ವಾಲಿತ್ತು. ತಿದ್ದಬೇಕೆಂದು ಕೈ ತುರಿಸುತ್ತಿತ್ತು, ಆದರೆ ತಿದ್ದಲು ಒತ್ತಬೇಕಲ್ಲ. ಪಕ್ಕದಲ್ಲಿ ದ್ರಾಕ್ಷಿಯನ್ನಾದರೂ ಬರೆಯುತ್ತೇನೆ ಎಂದೆ. ಅದೂ ಬರಲಿಲ್ಲ, ಕಡೆಗೆ ಅವಳೇ ಎಂಟು ದುಂಡು ಸುತ್ತಿ ಗೊಂಚಲು ಮಾಡಿದಳು. ಫೈಲು ಉಳಿಸಿ ಪ್ರೆಸ್ಸಿಗೆ ಕಳಿಸಿದ್ದು ಮಾತ್ರ ನಾನು.

ಮರುದಿನ ಸ್ಟಾಫ್ ರೂಮಿನಲ್ಲಿ ಕುಂಬಾರ ಸರ್ ಅವರಿಗೆ ಎಲ್ಲ ಹೇಳಿದೆ. ಅವರು ಬಾಯಿಗೆ ಒಯ್ಯುತ್ತಿದ್ದ ರೊಟ್ಟಿಯ ಚೂರನ್ನು ತಾಟಿಗೆ ಇಳಿಸಿದರು. "ಸರ್, ಹದಿನೆಂಟು ದಿನ ನಾ ಒತ್ರಿ ಒತ್ರಿ ಅಂದಾಗೆಲ್ಲಾ ನೀವು ಏನ್ ಮಾಡಾಕತ್ತಿದ್ರಿ?" ಎಂದು ಕೇಳಿದರು. ಒತ್ತುತ್ತಿದ್ದೆ ಎಂದೆ. ಅವರು ಊಟ ಮುಗಿಸಿ ಕೈತೊಳೆದು ಬಂದು ಸೆಟಿಂಗಿನಲ್ಲಿ ಒತ್ತಡ ಅಳೆಯುವ ಒಂದು ಗೆರೆಯನ್ನು ಇಷ್ಟೇ ಮೇಲಕ್ಕೆ ಜಗ್ಗಿದರು. ಹಗುರ ಕೈಯವರಿಗಾಗಿ ಜಾಣರು ಅದನ್ನೂ ಮೊದಲೇ ಮಾಡಿಟ್ಟಿದ್ದರು. ಆಮೇಲೆ ಪೆನ್ನು ಸೋಕಿಸಿದರೆ ಸಾಕು, ನನ್ನ ಗೆರೆ ರೇಷ್ಮೆಯಂತೆ ಹರಿಯತೊಡಗಿತು. ಮಹಾದೇವಿ, ಮಹಾದೇವಿ, ಮಹಾದೇವಿ ಎಂದು ಪುಟ ತುಂಬ ಬರೆದೆ, ಒಂದಕ್ಕಿಂತ ಒಂದು ಚೆಂದ. ಅಷ್ಟೊತ್ತಿಗೆ ಡಬ್ಬಿಗಳು ಮಷೀನಿಗೆ ಹತ್ತಿದ್ದವು.

ಇದಾಗಿ ಎರಡು ತಿಂಗಳಾಗಿರಬಹುದು. ಸಾರವಾಡದ ರೈತರೊಬ್ಬರು ನನ್ನನ್ನು ಕೇಳಿಕೊಂಡು ಶಾಲೆಯ ತನಕ ಬಂದರು. ಹೊಸ ಟ್ರ್ಯಾಕ್ಟರಿಗೆ ಟ್ರಾಲಿ ಮಾಡಿಸಿದ್ದಾರೆ, ಅದರ ಹಿಂದೆ ಹೆಸರು ಬರೆಸಬೇಕು. ನೀವು ಮೊದಲು ಬೋರ್ಡು ಬರೆಯುತ್ತಿದ್ದಿರಂತಲ್ಲ ಎಂದರು. ನನ್ನ ಎದೆ ಸಹಜವಾಗಿಯೇ ಎರಡು ಅಂಗುಲ ಉಬ್ಬಿತು, ಕುರ್ಚಿ ಕೊಟ್ಟೆ. ಅವರು ಚೀಲದಿಂದ ಒಂದು ಒಣದ್ರಾಕ್ಷಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ಇವು ಭಾರಿ ಗಟ್ಟಿ ಅಕ್ಷರ ಅದಾವ್ರಿ. ನಮ್ಮ ಟ್ರಾಲಿಗಿ ಇಂಥಾವ ಬೇಕು. ಇದನ್ನ ಬರದವರು ಯಾರಂತ ನಿಮ್ಮ ಲೈನಿನವರಿಗೆ ಗೊತ್ತಿರತೈತಿ, ಅದಕ್ಕ ಬಂದೇನಿ."

ಗೊತ್ತು ಎಂದೆ. ಒಂದು ಚೀಟಿ ಹರಿದು, ಇದ್ದಷ್ಟು ವಿದ್ಯೆಯನ್ನೆಲ್ಲ ಸೇರಿಸಿ, ಬಾಲ ಗೀಲ ಎಲ್ಲ ಇಟ್ಟು 'ಮಹಾದೇವಿ' ಎಂದು ಬರೆದು, ಕೆಳಗೆ ಅವಳ ಫೋನ್ ನಂಬರ್ ಹಾಕಿ ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹತ್ತಿರ ತಂದರು, ದೂರ ಒಯ್ದರು, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಚೀಟಿಯನ್ನು ನನ್ನ ಮುಂದೆಯೇ ಇಟ್ಟು ಬಹಳ ಮರ್ಯಾದೆಯಿಂದ ಹೇಳಿದರು:

"ಕಾಣವಲ್ದರಿ ಸರ್. ಸ್ವಲ್ಪ ಒತ್ತಿ ಬರೀರಿ."